ಪಿಎಲ್‌ಸಿ ‘ಮಾತು ನಿಲ್ಲಿಸಿದಾಗ’ ಮೊದಲು ನೋಡಬೇಕಾದದ್ದು ಕೇಬಲ್, ಪ್ರೋಗ್ರಾಂ ಅಲ್ಲ

ದೇಲಂಪಾಡಿ, ಆದೂರು, ಮುಳ್ಳೇರಿಯಾ ಭಾಗದಲ್ಲಿ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸುವ ನಮ್ಮ ಹುಡುಗರ ಮುಂದೆ ಇರುವ ದಾರಿಗಳು ಗೊತ್ತಿರುವಂಥವೇ. ಒಂದೋ ಮಂಗಳೂರಿನ ಬೈಕಂಪಾಡಿ, ಪಣಂಬೂರು ಕಡೆಯ ಕಾರ್ಖಾನೆಗಳು, ಇಲ್ಲಾಂದ್ರೆ ಸೌದಿಯ ಜುಬೈಲ್, ದುಬೈಯ ಜೆಬೆಲ್ ಅಲಿ. ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟೇಶನ್ ಕಲಿತವರು ಎಲ್ಲಿಗೇ ಹೋದರೂ ಮೊದಲ ವಾರದಲ್ಲೇ ಕೇಳುವ ಹೆಸರು ಪಿಎಲ್‌ಸಿ. ಅದರ ಬೆನ್ನಿಗೇ ಬರುವ ಮಾತು, “ಕಮ್ಯುನಿಕೇಶನ್ ಹೋಗಿದೆ, ಬೇಗ ನೋಡು.”

ಆ ಹೊತ್ತಲ್ಲಿ ಗಾಬರಿಯಾಗದೆ ಕೆಲಸ ಮಾಡೋದು ಹೇಗೆ ಅನ್ನುವುದೇ ಈ ಲೇಖನ. ಇಂಥ ದೋಷಗಳನ್ನು ಕಂಡು ಹಿಡಿಯಲು ದೊಡ್ಡ ವಿದ್ಯೆ ಬೇಕಾಗಿಲ್ಲ, ಒಂದು ಕ್ರಮ ಬೇಕು. ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಕೇಬಲ್, ಆಮೇಲೆ ವಿಳಾಸ, ಆಮೇಲೆ ಸಾಫ್ಟ್‌ವೇರ್. ಅನೇಕರು ಮಾಡುವುದು ಇದರ ಉಲ್ಟಾ.

ಪಿಎಲ್‌ಸಿ ಅಂದ್ರೆ ಏನು?

ಯಂತ್ರಗಳನ್ನು ನಡೆಸುವ ಗಟ್ಟಿಮುಟ್ಟಾದ ಸಣ್ಣ ಕಂಪ್ಯೂಟರ್ ಅಂತ ತಿಳಿದುಕೊಳ್ಳಿ. ಟ್ಯಾಂಕ್ ತುಂಬಿತಾ, ಮೋಟಾರ್ ಬಿಸಿಯಾಯಿತಾ ಅಂತ ಸೆನ್ಸರ್‌ಗಳಿಂದ ತಿಳಿದು, ವಾಲ್ವ್ ಮುಚ್ಚುವುದು, ಪಂಪ್ ನಿಲ್ಲಿಸುವುದು ಅದರ ಕೆಲಸ. ಅಮೆರಿಕದಲ್ಲಿ ಡಿಕ್ ಮೋರ್ಲಿ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲಿ ರೂಪಿಸಿದ ಮೋಡಿಕಾನ್ 084 ಈ ಕುಟುಂಬದ ಹಿರಿಯ. ಆಗ ಈಥರ್ನೆಟ್ ಇರಲೇ ಇಲ್ಲ. ಅದು ಹುಟ್ಟಿದ್ದು 1973ರಲ್ಲಿ, ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ. ಈಗ ಪಿಎಲ್‌ಸಿ, ಆಪರೇಟರ್ ಮುಂದಿನ ಪರದೆ, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್, ಕಂಟ್ರೋಲ್ ರೂಮಿನ ಕಂಪ್ಯೂಟರ್ ಎಲ್ಲವೂ ಪರಸ್ಪರ ಮಾತಾಡುವುದು ಹೆಚ್ಚಾಗಿ ಈಥರ್ನೆಟ್ ಮೂಲಕವೇ.

ಕೈ ಹಾಕುವ ಮೊದಲು: ಜೀವ ಮುಖ್ಯ

ಕಮ್ಯುನಿಕೇಶನ್ ಹೋಗಿದೆ ಅಂದ್ರೆ ಯಂತ್ರ ನಿಂತಿದೆ ಅಂತ ಅರ್ಥ ಅಲ್ಲ. ಸಂಪರ್ಕ ಕಡಿದಾಗ ಔಟ್‌ಪುಟ್ ಆಫ್ ಆಗಬೇಕೋ, ಕೊನೆಯ ಸ್ಥಿತಿಯಲ್ಲೇ ಉಳಿಯಬೇಕೋ ಎಂಬುದನ್ನು ಪ್ರೋಗ್ರಾಂ ಮಾಡಿದವರು ಮೊದಲೇ ನಿಗದಿ ಮಾಡಿರುತ್ತಾರೆ. ನೀವು ಕೇಬಲ್ ಕಿತ್ತು ಮತ್ತೆ ಹಾಕಿದ ತಕ್ಷಣ ಮೋಟಾರ್ ತಿರುಗಲೂಬಹುದು. ಆ ಕನ್ವೇಯರ್ ಹತ್ತಿರ ಇನ್ನೊಬ್ಬ ಕೆಲಸಗಾರ ಇರಬಹುದು. ಹಾಗಾಗಿ ಪರ್ಮಿಟ್ ತೆಗೆದುಕೊಳ್ಳದೆ, ಆಪರೇಟರ್‌ಗೆ ಹೇಳದೆ ಯಾವ ಕೇಬಲನ್ನೂ ಮುಟ್ಟಬೇಡಿ. ಸೂಪರ್‌ವೈಸರ್ ಎಷ್ಟೇ ಅವಸರ ಮಾಡಲಿ, ಇದರಲ್ಲಿ ರಾಜಿ ಬೇಡ.

ಇದಾದ ಮೇಲೆ ಮೂರು ಪ್ರಶ್ನೆ ಕೇಳಿ. ಒಂದೇ ಸಾಧನ ಹೋಗಿದೆಯಾ, ಎಲ್ಲವೂ ಹೋಗಿವೆಯಾ? ಪೂರ್ತಿ ಹೋಗಿದೆಯಾ, ಬಂದು ಹೋಗುತ್ತಿದೆಯಾ? ನಿನ್ನೆಯಿಂದ ಇಂದಿಗೆ ಏನು ಬದಲಾಗಿದೆ?

ಮನೆಗೆ ಹೋಗುವ ಕಾಲುದಾರಿ ಕುಸಿದರೆ ಆ ಒಂದು ಮನೆಗೆ ಮಾತ್ರ ತೊಂದರೆ, ಮುಳ್ಳೇರಿಯಾ ಜಂಕ್ಷನ್ ಬಂದ್ ಆದರೆ ಎಲ್ಲ ಬಸ್ಸೂ ನಿಲ್ಲುತ್ತದೆ. ಇಲ್ಲಿಯೂ ಹಾಗೇ. ಒಂದೇ ಸಾಧನ ಹೋಗಿದ್ದರೆ ಅದರ ಕೇಬಲ್, ಪೋರ್ಟ್, ವಿಳಾಸ ನೋಡಿ. ಎಲ್ಲವೂ ಒಟ್ಟಿಗೆ ಹೋಗಿದ್ದರೆ ನೆಟ್‌ವರ್ಕ್ ಸ್ವಿಚ್ ಮತ್ತು ಅದಕ್ಕೆ ಬರುವ 24 ವೋಲ್ಟ್ ಪವರ್ ಸಪ್ಲೈ ನೋಡಿ.

ಮೊದಲ ಮೆಟ್ಟಿಲು: ದೀಪ ಮತ್ತು ಕೇಬಲ್

ಈಥರ್ನೆಟ್ ಪೋರ್ಟ್ ಬಳಿ ಪುಟ್ಟ ಲಿಂಕ್ ದೀಪ ಇರುತ್ತದೆ. ಅದು ಉರಿಯುತ್ತಿಲ್ಲ ಅಂದ್ರೆ ಲ್ಯಾಪ್‌ಟಾಪ್ ತೆರೆಯುವ ಅಗತ್ಯವೇ ಇಲ್ಲ, ಸಮಸ್ಯೆ ನಿಮ್ಮ ಕೈಗೆ ಸಿಗುವಂಥದ್ದು. ಕನೆಕ್ಟರಿನ ಪ್ಲಾಸ್ಟಿಕ್ ಕ್ಲಿಪ್ ಮುರಿದು ಸಡಿಲವಾಗಿದೆಯಾ? ಪಿನ್ನಿಗೆ ತುಕ್ಕು ಹಿಡಿದಿದೆಯಾ? ಕರಾವಳಿಯ ಉಪ್ಪುಗಾಳಿಯಲ್ಲಿ, ಗಲ್ಫಿನ ಧೂಳಿನಲ್ಲಿ ಇದು ಸಾಮಾನ್ಯ. ಚೆನ್ನಾಗಿದೆ ಅಂತ ಖಾತ್ರಿ ಇರುವ ಇನ್ನೊಂದು ಕೇಬಲ್ ಹಾಕಿ ನೋಡಿ. ಆಮೇಲೆ ಸ್ವಿಚ್‌ನ ಬೇರೆ ಪೋರ್ಟಿಗೆ ಹಾಕಿ ನೋಡಿ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಸರಿ ಹೋದರೂ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಾಗುವುದಿಲ್ಲ.

ತಾಮ್ರದ ಈಥರ್ನೆಟ್ ಕೇಬಲಿಗೆ ಮಿತಿ 100 ಮೀಟರ್. ಅದಕ್ಕಿಂತ ದೂರ ಇದ್ದರೆ ನಡುವೆ ಸ್ವಿಚ್ ಅಥವಾ ಫೈಬರ್ ಬೇಕು. ಕೇಬಲ್ ಹೋಗಿರುವ ದಾರಿಯನ್ನೂ ನೋಡಿ. ಡ್ರೈವ್‌ನಿಂದ ಮೋಟಾರಿಗೆ ಹೋಗುವ ಪವರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಎಳೆದಿದ್ದರೆ, ದೊಡ್ಡ ಮೋಟಾರ್ ಸ್ಟಾರ್ಟ್ ಆದಾಗಲೆಲ್ಲ ಸಂಪರ್ಕ ಕಡಿಯಬಹುದು. ಪ್ರತ್ಯೇಕ ದಾರಿ, ಶೀಲ್ಡ್ ಇರುವ ಕೇಬಲ್, ಸರಿಯಾದ ಅರ್ಥಿಂಗ್ ಇದಕ್ಕೆ ಪರಿಹಾರ.

ಎರಡನೇ ಮೆಟ್ಟಿಲು: ವಿಳಾಸ

ದೀಪ ಉರಿಯುತ್ತಿದೆ, ಆದರೂ ಮಾತಿಲ್ಲ. ಈಗ ಐಪಿ ವಿಳಾಸ ನೋಡಬೇಕು. ಸಬ್‌ನೆಟ್ ಮಾಸ್ಕ್ ಎಂದರೇನು ಅಂತ ದೇಲಂಪಾಡಿಯವರಿಗೆ ವಿವರಿಸುವುದು ಸುಲಭ: ಗಡಿ ಎಲ್ಲಿದೆ ಅಂತ ಹೇಳುವುದೇ ಅದು. ಮಾಸ್ಕ್ 255.255.255.0 ಆಗಿದ್ದರೆ 192.168.1.10 ಮತ್ತು 192.168.1.50 ಒಂದೇ ಊರಿನವು, ನೇರ ಮಾತಾಡುತ್ತವೆ. ನಿಮ್ಮ ಲ್ಯಾಪ್‌ಟಾಪ್ 192.168.0.50 ಆಗಿದ್ದರೆ ಅದು ಗಡಿಯ ಆಚೆ. ಗೇಟ್‌ವೇ ಇಲ್ಲದೆ ದಾಟಲು ಆಗದು. ಲ್ಯಾಪ್‌ಟಾಪಿನಲ್ಲಿ 169.254 ರಿಂದ ಶುರುವಾಗುವ ವಿಳಾಸ ಕಂಡರೆ, ವಿಳಾಸ ಕೊಡುವವರು ಯಾರೂ ಸಿಗದೆ ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಅಂತ ಅರ್ಥ.

ತುಂಬ ಕಾಡುವುದು ಒಂದೇ ವಿಳಾಸ ಎರಡು ಸಾಧನಗಳಿಗೆ ಇರುವುದು. ಒಂದೇ ಊರಲ್ಲಿ ಇಬ್ಬರು ಅಬ್ದುಲ್ ಖಾದರ್ ಇದ್ದು, ಮನೆ ಹೆಸರಿಲ್ಲದೆ ಕಾಗದ ಬಂದರೆ ಪೋಸ್ಟ್‌ಮ್ಯಾನ್ ಯಾರಿಗೆ ಕೊಡಬೇಕು? ಒಮ್ಮೆ ಇವನಿಗೆ, ಒಮ್ಮೆ ಅವನಿಗೆ. ಸಂಪರ್ಕ ಬಂದು ಹೋಗುವುದು ಹೀಗೆ. ಪರೀಕ್ಷೆ ಸರಳ: ಸಂಶಯ ಇರುವ ಸಾಧನದ ಕೇಬಲ್ ತೆಗೆದು ಅದೇ ವಿಳಾಸಕ್ಕೆ ಪಿಂಗ್ ಮಾಡಿ. ಆಗಲೂ ಉತ್ತರ ಬಂದರೆ ಉತ್ತರಿಸುತ್ತಿರುವವನು ಬೇರೆಯವನು.

ಕಂಪನಿಯಿಂದ ಕಂಪನಿಗೆ ಸಣ್ಣ ವ್ಯತ್ಯಾಸಗಳಿವೆ. ಅಲೆನ್ ಬ್ರಾಡ್ಲಿಯ ಹಲವು ಮಾಡ್ಯೂಲ್‌ಗಳು ಹೊಸದಾಗಿ ಬಂದಾಗ ಸರ್ವರ್‌ನಿಂದ ವಿಳಾಸ ಕೇಳುವ ಸ್ಥಿತಿಯಲ್ಲಿರುತ್ತವೆ. ವಿಳಾಸ ಕೊಟ್ಟ ಮೇಲೆ ಅದನ್ನು ಶಾಶ್ವತ ಮಾಡದಿದ್ದರೆ, ಕರೆಂಟ್ ಹೋಗಿ ಬಂದಾಗ ಮತ್ತೆ ಖಾಲಿ. ಸೀಮೆನ್ಸ್ ಬಳಸುವ ಪ್ರೊಫಿನೆಟ್‌ನಲ್ಲಿ ಪ್ರತಿ ಸಾಧನಕ್ಕೂ ಹೆಸರು ಬೇಕು. ಕೆಟ್ಟ ಮಾಡ್ಯೂಲ್ ಬದಲಿಸಿ ಹೆಸರು ಕೊಡಲು ಮರೆತರೆ, ದೀಪ ಉರಿಯುತ್ತಿದ್ದರೂ ಕಂಟ್ರೋಲರ್ ಅದನ್ನು ಗುರುತಿಸದಿರಬಹುದು.

ಮೂರನೇ ಮೆಟ್ಟಿಲು: ಪಿಂಗ್ ಬಂತು, ಡೇಟಾ ಬರಲಿಲ್ಲ

ಪಿಂಗ್‌ಗೆ ಉತ್ತರ ಬಂದರೆ ರಸ್ತೆ ಸರಿ ಇದೆ ಅಂತ ಮಾತ್ರ ಅರ್ಥ. ಮನೆಯ ಬಾಗಿಲು ತೆರೆದಿದೆ ಅಂತ ಅಲ್ಲ. ಈ ಬಾಗಿಲುಗಳಿಗೆ ಪೋರ್ಟ್ ಸಂಖ್ಯೆ ಎನ್ನುತ್ತಾರೆ: ಮೋಡ್‌ಬಸ್ ಟಿಸಿಪಿಗೆ 502, ಸೀಮೆನ್ಸ್ ಎಸ್7 ಸಂಪರ್ಕಕ್ಕೆ 102, ಈಥರ್ನೆಟ್ ಐಪಿಗೆ 44818. 2020ರ ಮಾರ್ಚ್‌ನಲ್ಲಿ ಕಾಸರಗೋಡಿನ ಗಡಿ ರಸ್ತೆಗಳಿಗೆ ಮಣ್ಣು ಸುರಿದದ್ದು ನಮಗೆಲ್ಲ ನೆನಪಿದೆ. ಈಚೆಯ ಜನ ಸರಿ ಇದ್ದರು, ಆಚೆಯ ಆಸ್ಪತ್ರೆಯೂ ತೆರೆದಿತ್ತು, ದಾಟಲು ಮಾತ್ರ ಬಿಡಲಿಲ್ಲ. ಫೈರ್‌ವಾಲ್ ಮಾಡುವುದೂ ಹೀಗೇ. ಕಂಪ್ಯೂಟರ್ ಅಪ್‌ಡೇಟ್ ಆದ ಮರುದಿನ ಡೇಟಾ ನಿಂತಿದ್ದರೆ ಮೊದಲು ಅಲ್ಲಿ ನೋಡಿ. ಫೈರ್‌ವಾಲ್ ಪಿಂಗನ್ನೇ ತಡೆಯುವುದೂ ಉಂಟು. ಆಗ ಪಿಂಗ್ ಬರದಿದ್ದರೂ ಸಾಧನ ಚೆನ್ನಾಗಿಯೇ ಇರುತ್ತದೆ.

ಸೀಮೆನ್ಸ್ ಎಸ್7-1200, 1500 ಕಂಟ್ರೋಲರ್‌ಗಳಲ್ಲಿ ಪುಟ್-ಗೆಟ್ ಎಂಬ ಅನುಮತಿಯನ್ನು ನಾವೇ ಕೊಡಬೇಕು, ಇಲ್ಲಾಂದ್ರೆ ಹೊರಗಿನ ಹಲವು ಸಾಧನಗಳಿಗೆ ಡೇಟಾ ಓದಲು ಆಗುವುದಿಲ್ಲ. ಹಾಗೆಯೇ, ಒಂದು ಪಿಎಲ್‌ಸಿ ಒಮ್ಮೆಗೆ ಇಷ್ಟೇ ಸಂಪರ್ಕ ಎಂಬ ಮಿತಿ ಇಟ್ಟುಕೊಂಡಿರುತ್ತದೆ. ಎರಡು ಪರದೆ, ಒಂದು ಸರ್ವರ್, ಮೂವರ ಲ್ಯಾಪ್‌ಟಾಪ್ ಸೇರಿದರೆ ಕೊನೆಗೆ ಬಂದವನಿಗೆ ಜಾಗ ಇರದು.

ಬಂದು ಹೋಗುವ ದೋಷ

ಪೂರ್ತಿ ಹೋಗಿರುವುದಕ್ಕಿಂತ ಆಗಾಗ ಹೋಗುವುದೇ ಕಷ್ಟ. ಇಲ್ಲಿ ಸಮಯ ಬರೆದಿಡಿ. ಯಾವ ಯಂತ್ರ ಓಡುವಾಗ, ಯಾರು ಲ್ಯಾಪ್‌ಟಾಪ್ ಸೇರಿಸಿದಾಗ ಎಂದು ನೋಡಿದರೆ ಸುಳಿವು ಸಿಗುತ್ತದೆ. ಒಂದು ಕಡೆ ವೇಗವನ್ನು ಆಟೋ ಅಂತಲೂ ಇನ್ನೊಂದು ಕಡೆ 100 ಫುಲ್ ಡ್ಯೂಪ್ಲೆಕ್ಸ್ ಅಂತಲೂ ಇಟ್ಟಿದ್ದರೆ, ಪಿಂಗ್ ಚೆನ್ನಾಗಿರುತ್ತದೆ, ಕೆಲಸದ ಹೊರೆ ಏರಿದಾಗ ಕಡಿಯುತ್ತದೆ. ಎರಡೂ ಕಡೆ ಒಂದೇ ಇರಲಿ. ಒಂದು ಕೇಬಲಿನ ಎರಡೂ ತುದಿಯನ್ನು ಒಂದೇ ಸ್ವಿಚ್‌ಗೆ ಯಾರೋ ಚುಚ್ಚಿದರೆ, ಅದನ್ನು ತಡೆಯುವ ವ್ಯವಸ್ಥೆ ಇಲ್ಲದ ಕಡೆ ಇಡೀ ನೆಟ್‌ವರ್ಕ್ ಅನಗತ್ಯ ಸಂದೇಶಗಳಿಂದ ತುಂಬಿ ಹೋಗುತ್ತದೆ.

ಇದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಒಂದು ಉದಾಹರಣೆ. ಅಮೆರಿಕದ ಅಲಬಾಮಾದಲ್ಲಿರುವ ಬ್ರೌನ್ಸ್ ಫೆರಿ ಅಣುವಿದ್ಯುತ್ ಸ್ಥಾವರದ 3ನೇ ಘಟಕದಲ್ಲಿ 2006ರ ಆಗಸ್ಟ್ 19ರಂದು ರಿಯಾಕ್ಟರಿಗೆ ನೀರು ಹರಿಸುವ ಎರಡು ರಿಸರ್ಕ್ಯುಲೇಶನ್ ಪಂಪ್‌ಗಳು ನಿಂತವು. ಸಿಬ್ಬಂದಿ ಕೈಯಾರೆ ರಿಯಾಕ್ಟರ್ ಬಂದ್ ಮಾಡಬೇಕಾಯಿತು. ಪಂಪ್‌ಗಳ ಡ್ರೈವ್ ಕಂಟ್ರೋಲರ್‌ಗಳು ಈಥರ್ನೆಟ್‌ನಲ್ಲಿ ಬಂದ ಅತಿಯಾದ ಸಂದೇಶಗಳನ್ನು ತಾಳದೆ ಕೈಕೊಟ್ಟಿದ್ದವು. ಪಂಪ್ ಕೆಟ್ಟಿರಲಿಲ್ಲ. ಹಾಗಾಗಿ ಸ್ವಿಚ್‌ನ ಎರರ್ ಲೆಕ್ಕ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಕಾರ್ಖಾನೆಯ ನಿಯಂತ್ರಣ ನೆಟ್‌ವರ್ಕಿಗೆ ಆಫೀಸಿನ ಕಂಪ್ಯೂಟರ್, ಸಿಸಿಟಿವಿ ಸೇರಿಸಲು ಬಿಡಬೇಡಿ.

ಬರೆದಿಡುವವನಿಗೆ ಬೆಲೆ

ಯಾವ ಸಾಧನಕ್ಕೆ ಯಾವ ವಿಳಾಸ, ಯಾವ ಕೇಬಲ್ ಯಾವ ಪೋರ್ಟಿಗೆ ಎಂಬ ಪಟ್ಟಿ ಪ್ಯಾನಲ್ ಬಾಗಿಲಿನ ಒಳಗೆ ಇರಲಿ. ಪ್ರೋಗ್ರಾಂನ ಬ್ಯಾಕಪ್ ತೆಗೆಯದೆ ಏನನ್ನೂ ಡೌನ್‌ಲೋಡ್ ಮಾಡಬೇಡಿ. ಐದು ನಿಮಿಷದಲ್ಲಿ ಕೇಬಲ್ ನೋಡಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಸಾವಿರಾರು ರೂಪಾಯಿಯ ಮಾಡ್ಯೂಲ್ ತರಿಸಿ, ಎರಡು ದಿನ ಲೈನ್ ನಿಲ್ಲಿಸಿದರೆ ಕೊನೆಗೆ ಮಾತು ಕೇಳುವುದು ಟೆಕ್ನೀಷಿಯನ್ನೇ. ವೀಸಾ, ಸಾಲ, ಮನೆಯ ಜವಾಬ್ದಾರಿ ಎಲ್ಲ ಹೆಗಲ ಮೇಲಿರುವ ಹುಡುಗನಿಗೆ ಆ ಮಾತು ಸಣ್ಣದಲ್ಲ.

ಕಲಿಯಲು ಗಲ್ಫ್ ತಲುಪುವವರೆಗೆ ಕಾಯಬೇಕಾಗಿಲ್ಲ. ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿನಲ್ಲೋ, ಐಟಿಐಯಲ್ಲೋ ಓದುತ್ತಿರುವಾಗಲೇ ಶುರು ಮಾಡಿ. ಎರಡು ಹಳೆಯ ಲ್ಯಾಪ್‌ಟಾಪ್, ಒಂದು ಸಣ್ಣ ಸ್ವಿಚ್, ಉಚಿತವಾಗಿ ಸಿಗುವ ಓಪನ್‌ಪಿಎಲ್‌ಸಿ ಮತ್ತು ವೈರ್‌ಶಾರ್ಕ್ ಸಾಕು. ಬೇಕೆಂದೇ ವಿಳಾಸ ತಪ್ಪು ಕೊಡಿ, ಎರಡಕ್ಕೂ ಒಂದೇ ವಿಳಾಸ ಇಡಿ, ಫೈರ್‌ವಾಲ್ ಮುಚ್ಚಿ. ಪ್ರತಿ ಸಲ ಏನು ಕಾಣುತ್ತದೆ ಅಂತ ಪುಸ್ತಕದಲ್ಲಿ ಬರೆಯಿರಿ. ನಾಳೆ ಇಂಟರ್‌ವ್ಯೂನಲ್ಲಿ “ಪಿಎಲ್‌ಸಿ ಸಂಪರ್ಕ ಹೋದರೆ ಮೊದಲು ಏನು ಮಾಡ್ತೀಯಾ?” ಅಂತ ಕೇಳಿದರೆ, ಆ ಪುಸ್ತಕದಲ್ಲಿರುವುದನ್ನೇ ಕ್ರಮವಾಗಿ ಹೇಳಿ.