'ಕರಿಯ' ಅಂದ್ರೆ ಬರೀ ಬಣ್ಣ ತಾನೆ?

2020ರ ಡಿಸೆಂಬರ್ 8. ಪ್ಯಾರಿಸ್‌ನಲ್ಲಿ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಪಂದ್ಯ. ಒಂದು ಕಡೆ ಪಿಎಸ್‌ಜಿ, ಇನ್ನೊಂದು ಕಡೆ ಟರ್ಕಿಯ ಇಸ್ತಾಂಬುಲ್ ಬಶಾಕ್‌ಶೆಹಿರ್. ಆಟ ಶುರುವಾಗಿ ಕಾಲು ಗಂಟೆ ಆಗಿತ್ತೋ ಇಲ್ಲವೋ, ಟರ್ಕಿ ತಂಡದ ಸಹಾಯಕ ಕೋಚ್, ಕ್ಯಾಮರೂನ್ ದೇಶದ ಪಿಯರ್ ವೆಬೊ ರೆಫರಿ ತೀರ್ಪಿಗೆ ತಕರಾರು ತೆಗೆದರು. ಅವರನ್ನು ಹೊರಗೆ ಕಳಿಸಬೇಕಿತ್ತು. ಬೆಂಚಿನ ಹತ್ತಿರ ಇದ್ದ ಅಷ್ಟು ಜನರಲ್ಲಿ ಯಾರನ್ನು ಅಂತ ರೆಫರಿಗೆ ತಿಳಿಸೋಕೆ ನಾಲ್ಕನೇ ಅಧಿಕಾರಿ ತಮ್ಮ ಭಾಷೆ ರುಮೇನಿಯನ್‌ನಲ್ಲಿ 'ಆ ನೆಗ್ರು' ಅಂದರು. ರುಮೇನಿಯನ್‌ನಲ್ಲಿ ನೆಗ್ರು ಅಂದರೆ ಕಪ್ಪು, ಅಷ್ಟೇ. ಕಪ್ಪು ಅಂಗಿಗೂ ಅದೇ ಪದ.

ಬಶಾಕ್‌ಶೆಹಿರ್ ತಂಡದ ಡೆಂಬಾ ಬಾ ಆ ಅಧಿಕಾರಿಯ ಎದುರು ಬಂದು ನಿಂತರು. ಬಿಳಿಯ ಒಬ್ಬನನ್ನು ತೋರಿಸುವಾಗ ನೀವು 'ಆ ಮನುಷ್ಯ' ಅಂತೀರಿ, 'ಆ ಬಿಳಿ ಮನುಷ್ಯ' ಅನ್ನಲ್ಲ, ಹಾಗಿದ್ದಾಗ ಇವರಿಗೆ ಮಾತ್ರ ಯಾಕೆ ಬಣ್ಣ ಹಚ್ಚಿ ಹೇಳ್ತೀರಿ ಅನ್ನೋದು ಅವರ ಪ್ರಶ್ನೆ. ಎರಡೂ ತಂಡಗಳು ಮೈದಾನ ಬಿಟ್ಟು ಹೊರಟವು. ಪಂದ್ಯ ಮುಗಿದದ್ದು ಮಾರನೇ ದಿನ, ಬೇರೆ ಅಧಿಕಾರಿಗಳ ಜೊತೆ.

ಇದಕ್ಕೆ ಹತ್ತು ದಿನ ಹಿಂದಷ್ಟೇ ಇಂಗ್ಲೆಂಡಿನಲ್ಲಿ ಇನ್ನೊಂದು ಗಲಾಟೆ ಶುರುವಾಗಿತ್ತು. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡುತ್ತಿದ್ದ ಉರುಗ್ವೆಯ ಎಡಿನ್ಸನ್ ಕವಾನಿ, ತನ್ನನ್ನು ಅಭಿನಂದಿಸಿದ ಗೆಳೆಯನಿಗೆ ಇನ್‌ಸ್ಟಾಗ್ರಾಂನಲ್ಲಿ 'ಗ್ರಾಸಿಯಾಸ್ ನೆಗ್ರಿತೊ' ಎಂದು ಬರೆದಿದ್ದರು. ಥ್ಯಾಂಕ್ಸ್ ಕಣೋ ಕರಿಯ, ಅಂತ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 3 ಪಂದ್ಯಗಳ ನಿಷೇಧ, 1 ಲಕ್ಷ ಪೌಂಡ್ ದಂಡ ಹಾಕಿತು. ಉರುಗ್ವೆಯ ಸಾಹಿತ್ಯ ಅಕಾಡೆಮಿಯೇ ಎದ್ದು ನಿಂತು, ನಿಮಗೆ ನಮ್ಮ ಭಾಷೆ ಗೊತ್ತಿಲ್ಲ, ಅದು ನಮ್ಮಲ್ಲಿ ಪ್ರೀತಿಯ ಮಾತು ಅಂತ ಪ್ರತಿಭಟಿಸಿತು.

ಎರಡೂ ಸುದ್ದಿಗಳಿಗೆ ನಮ್ಮವರ ಕಾಮೆಂಟುಗಳು ಒಂದೇ ಧಾಟಿಯಲ್ಲಿದ್ದವು: 'ಡಿಕ್ಷನರಿ ನೋಡ್ರಪ್ಪ, ಅದು ಬರೀ ಬಣ್ಣದ ಹೆಸರು.' ನಾನು ಎಂಜಿನಿಯರಿಂಗ್ ಓದಿದವನು. ಪದಕ್ಕೆ ಒಂದೇ ಅರ್ಥ, ಅದು ಡಿಕ್ಷನರಿಯಲ್ಲಿ ಸಿಗುತ್ತೆ ಅನ್ನೋದು ನನಗೂ ಬಹಳ ಕಾಲ ಸರಿ ಅಂತಲೇ ಅನ್ನಿಸಿತ್ತು. ಹಾರ್ಡ್ ಡಿಸ್ಕ್‌ಗಳಲ್ಲಿ 'ಮಾಸ್ಟರ್', 'ಸ್ಲೇವ್' ಅಂತ ಓದಿ ಪರೀಕ್ಷೆ ಬರೆದವರು ನಾವು. ಅದು ಯಾರಿಗಾದರೂ ಚುಚ್ಚಬಹುದು ಅಂತ ತರಗತಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಪತ್ರಿಕೋದ್ಯಮಕ್ಕೆ ಬಂದ ಮೇಲೆ ಈ ಡಿಕ್ಷನರಿ ವಾದ ಎಲ್ಲಿ ಕೈಕೊಡುತ್ತೆ ಅಂತ ಒಂದೊಂದಾಗಿ ಗೊತ್ತಾಗುತ್ತಾ ಹೋಯಿತು.

ನಮ್ಮ 'ಕರಿಯ'ನಿಂದಲೇ ಶುರು ಮಾಡೋಣ. ಕರಿಯಪ್ಪ, ಕರಿಯಮ್ಮ, ಕರಿಬಸಪ್ಪ ನಮ್ಮ ಊರುಗಳ ಹೆಸರುಗಳು. ಕರಿಯಮ್ಮ ದೇವತೆ ಕೂಡ. 2003ರಲ್ಲಿ 'ಕರಿಯ' ಅಂತ ಸಿನಿಮಾ ಬಂತು, ಓಡಿತು. ಅಜ್ಜಿ ಮೊಮ್ಮಗನನ್ನು 'ಬಾರೋ ಕರಿಯ' ಅಂತ ಮುದ್ದಿನಿಂದ ಕರೆಯುತ್ತಾಳೆ. ಅದೇ ಮನೆಯಲ್ಲಿ ಹೆಣ್ಣು ನೋಡೋಕೆ ಹೋದಾಗ 'ಕಪ್ಪು' ಅನ್ನೋಕೆ ನಾಲಿಗೆ ಹಿಂಜರಿದು 'ಎಣ್ಣೆಗಪ್ಪು' ಆಗುತ್ತೆ. ಬರೀ ಬಣ್ಣದ ಹೆಸರೇ ಆಗಿದ್ದರೆ ಈ ಹಿಂಜರಿಕೆ ಎಲ್ಲಿಂದ ಬಂತು?

ಡ್ಯಾರೆನ್ ಸ್ಯಾಮಿ ನೆನಪಿದ್ದಾರಲ್ವಾ? ವೆಸ್ಟ್ ಇಂಡೀಸ್‌ಗೆ 2012 ಮತ್ತು 2016ರಲ್ಲಿ ಟಿ20 ವಿಶ್ವಕಪ್ ಗೆದ್ದುಕೊಟ್ಟ ನಾಯಕ. ಐಪಿಎಲ್‌ನಲ್ಲಿ ಹೈದರಾಬಾದ್ ತಂಡದಲ್ಲಿದ್ದಾಗ ತನ್ನನ್ನೂ ಶ್ರೀಲಂಕಾದ ತಿಸಾರ ಪೆರೇರಾರನ್ನೂ 'ಕಾಲು' ಅಂತ ಕರೆಯುತ್ತಿದ್ದರು, ಬಲಿಷ್ಠ ಕುದುರೆ ಅಂತ ಅರ್ಥ ಇರಬೇಕು ಅಂದುಕೊಂಡಿದ್ದೆ ಅಂತ ಅವರು ಹೇಳಿದ್ದು 2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ. ನಿಜವಾದ ಅರ್ಥ ಗೊತ್ತಾದ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ಒಬ್ಬ ಸಹ ಆಟಗಾರನ ಜೊತೆ ಮಾತಾಡಿ, ಆತ ಪ್ರೀತಿಯಿಂದಲೇ ಕರೆದದ್ದು ಅಂತ ನಂಬಿದ್ದಾಗಿಯೂ ಹೇಳಿದರು. ಕರೆದವರಿಗೆ ಪ್ರೀತಿ ಇದ್ದಿರಬಹುದು, ನಾನು ಅನುಮಾನಿಸಲ್ಲ. ಆದರೆ ತನ್ನನ್ನು ಏನಂತ ಕರೀತಿದ್ದಾರೆ ಅನ್ನೋದು ಡ್ರೆಸ್ಸಿಂಗ್ ರೂಮಿನಲ್ಲಿ ಸ್ಯಾಮಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಒಪ್ಪುವ ಅಥವಾ ಬೇಡ ಅನ್ನುವ ಪ್ರಶ್ನೆಯೇ ಎದ್ದಿರಲಿಲ್ಲ.

ಡಿಕ್ಷನರಿ ಎಷ್ಟು ಕೈಕೊಡುತ್ತೆ ಅಂತ ನೋಡಬೇಕಾದರೆ ಹಿಂದೂ ಮಹಾಸಾಗರದ ಸುತ್ತ 'ಕಾಫಿರ್' ಅನ್ನೋ ಪದದ ಹಿಂದೆ ಒಂದು ಸುತ್ತು ಹೋಗಬೇಕು. ಅರಬ್ಬಿಯಲ್ಲಿ ಅದರ ಅರ್ಥ ನಂಬದವನು. ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅರಬ್ ವ್ಯಾಪಾರಿಗಳು ಪೂರ್ವ ಆಫ್ರಿಕಾದ ಮುಸ್ಲಿಮರಲ್ಲದವರನ್ನು ಹಾಗೆ ಕರೆದರು. ಪೋರ್ಚುಗೀಸರು ಅದನ್ನೇ 'ಕಾಫ್ರೆ' ಮಾಡಿಕೊಂಡು, ಧರ್ಮದ ಅರ್ಥ ಉದುರಿಸಿ, ಆಫ್ರಿಕಾದ ಗುಲಾಮರಿಗೆಲ್ಲ ಅಂಟಿಸಿದರು. ಗೋವಾದ ಕೊಂಕಣಿಗೆ ಅದು 'ಖಾಪ್ರಿ' ಆಗಿ ಬಂತು. ಕೊಚ್ಚಿಯಲ್ಲಿ 'ಕಾಪ್ಪಿರಿ' ಆಯಿತು. ಅಲ್ಲಿನ ಮಟ್ಟಾಂಚೇರಿಯಲ್ಲಿ 'ಕಾಪ್ಪಿರಿ ಮುತ್ತಪ್ಪನ್' ಅಂತ ಒಬ್ಬ ದೇವರಿದ್ದಾನೆ. ಡಚ್ಚರಿಗೆ ಸೋತು ಓಡುವಾಗ ಪೋರ್ಚುಗೀಸರು ತಮ್ಮ ನಿಧಿಯ ಜೊತೆ ಆಫ್ರಿಕನ್ ಗುಲಾಮರನ್ನೂ ಕೊಂದು ಹೂತರು, ಅವರೇ ಈಗ ಕಾಯುತ್ತಿದ್ದಾರೆ ಅನ್ನೋದು ಜನರ ಕಥೆ. ಚುಟ್ಟಾ, ಕಳ್ಳು ಇಟ್ಟು ಪೂಜೆ ಮಾಡ್ತಾರೆ.

ಶ್ರೀಲಂಕಾದ ಪುತ್ತಳಂ ಕಡೆ ಆಫ್ರಿಕಾ ಮೂಲದ ಒಂದು ಸಣ್ಣ ಸಮುದಾಯ ಇವತ್ತಿಗೂ ತನ್ನನ್ನು 'ಕಾಫಿರ್' ಅಂತಲೇ ಕರೆದುಕೊಳ್ಳುತ್ತದೆ. ಅವರಿಗೆ ಅದು ಅವಮಾನ ಅಲ್ಲ, ಗುರುತು. ಅದೇ ಪದವನ್ನು ದಕ್ಷಿಣ ಆಫ್ರಿಕಾದಲ್ಲಿ ಪೂರ್ತಿಯಾಗಿ ಉಚ್ಚರಿಸೋದೇ ಇಲ್ಲ, 'ಕೆ-ಪದ' ಅಂತಾರೆ. 2018ರಲ್ಲಿ ಅಲ್ಲಿ ಒಬ್ಬ ಬಿಳಿಯ ಮಹಿಳೆ, ತನಗೆ ಸಹಾಯಕ್ಕೆ ಬಂದ ಕಪ್ಪು ಪೊಲೀಸರಿಗೇ ಆ ಪದ 48 ಬಾರಿ ಬೈದಿದ್ದಕ್ಕೆ ಜೈಲು ಶಿಕ್ಷೆಗೆ ಗುರಿಯಾದಳು. ಇದರಲ್ಲಿ ನಮಗೂ ಒಂದು ಪಾಲಿದೆ. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಗಾಂಧೀಜಿ ತಮ್ಮ ಆರಂಭದ ಬರಹಗಳಲ್ಲಿ ಅದೇ ಪದ ಬಳಸಿದ್ದಾರೆ, ಭಾರತೀಯರನ್ನು ಅವರ ಸಾಲಿಗೆ ಸೇರಿಸಬೇಡಿ ಅನ್ನೋ ಅರ್ಥದಲ್ಲಿ. ಘಾನಾ ವಿಶ್ವವಿದ್ಯಾಲಯದ ಅಂಗಳದಲ್ಲಿ 2016ರಲ್ಲಿ ನಿಲ್ಲಿಸಿದ ಗಾಂಧಿ ಪ್ರತಿಮೆಯನ್ನು 2018ರಲ್ಲಿ ತೆಗೆದರು. ಅಲ್ಲಿನ ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಎತ್ತಿ ತೋರಿಸಿದ್ದು ಆ ಬರಹಗಳನ್ನೇ.

ಇನ್ನು 'ನೀಗ್ರೋ'. ನನ್ನ ಪೀಳಿಗೆಯವರು ಶಾಲೆಯಲ್ಲಿ ಲಿಂಕನ್ ಪಾಠದಲ್ಲಿ ಈ ಪದ ಓದಿದ್ದೇವೆ, ಬರೆದು ಅಂಕ ತಗೊಂಡಿದ್ದೇವೆ. ಆಗ ಅದು ತಪ್ಪು ಅಂತ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಹೋಗಲಿ, ಮಾರ್ಟಿನ್ ಲೂಥರ್ ಕಿಂಗ್ 1963ರ ತಮ್ಮ ಪ್ರಸಿದ್ಧ ಭಾಷಣದಲ್ಲಿ ತಮ್ಮ ಜನರನ್ನು ಕರೆದಿದ್ದೇ ಆ ಪದದಿಂದ. ಅವರಿಗಿಂತ ಹಿಂದಿನ ಡಬ್ಲ್ಯು. ಇ. ಬಿ. ಡುಬಾಯ್ಸ್ ಅದನ್ನು ಸಮರ್ಥಿಸಿ ಬರೆದವರು. ಸಣ್ಣ ಅಕ್ಷರದಲ್ಲಿ ಬರೆಯಬೇಡಿ, ದೊಡ್ಡ 'ಎನ್' ಹಾಕಿ ಅನ್ನೋ ಹೋರಾಟಕ್ಕೆ ಮಣಿದು ನ್ಯೂಯಾರ್ಕ್ ಟೈಮ್ಸ್ 1930ರಲ್ಲಿ ಬದಲಾಯಿತು. 60ರ ದಶಕದ ಕೊನೆಗೆ ಯುವಕರು ಅದೂ ಬೇಡ, ನಾವು 'ಬ್ಲ್ಯಾಕ್' ಅಂದರು. ಅಲ್ಲಿಯವರೆಗೆ ಬೈಗುಳದಂತೆ ಕೇಳುತ್ತಿದ್ದ ಪದ ಘೋಷಣೆ ಆಯಿತು. 1988ರಲ್ಲಿ ಜೆಸ್ಸಿ ಜಾಕ್ಸನ್ 'ಆಫ್ರಿಕನ್ ಅಮೆರಿಕನ್' ಅನ್ನಿ ಅಂದರು. ಅಮೆರಿಕದ ಕಾನೂನುಗಳಿಂದ 'ನೀಗ್ರೋ' ಅಳಿಸಿಹಾಕಿದ್ದು 2016ರಲ್ಲಿ, ಒಬಾಮಾ ಸಹಿಯೊಂದಿಗೆ.

ಇಷ್ಟೊಂದು ಹೆಸರು ಬದಲಾಯಿಸ್ತಾರಲ್ಲ, ನಾವು ಯಾವುದನ್ನ ನೆನಪಿಟ್ಟುಕೊಳ್ಳೋದು ಅಂತ ಕೇಳುವವರಿದ್ದಾರೆ. ಕನ್ನಡಿಗರು ಇದನ್ನು ಕೇಳಬಾರದು. 'ಹರಿಜನ' ಪದದ ಡಿಕ್ಷನರಿ ಅರ್ಥಕ್ಕಿಂತ ಉದಾತ್ತವಾದದ್ದು ಏನಿದೆ? ದೇವರ ಜನ! ಆದರೂ ಅಂಬೇಡ್ಕರ್ ಒಪ್ಪಲಿಲ್ಲ. 1972ರಲ್ಲಿ ಬಾಂಬೆಯಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ತನ್ನ ಹೆಸರಿನ ಅರ್ಧವನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆಯಿತು, ಇನ್ನರ್ಧ 'ತುಳಿತಕ್ಕೊಳಗಾದವರು' ಅನ್ನೋ ಪದ. ಅರ್ಥದ ಲೆಕ್ಕದಲ್ಲಿ 'ಹರಿಜನ' ಮೇಲೆ, 'ದಲಿತ' ಕೆಳಗೆ. ನಮ್ಮಲ್ಲಿ ದಸಂಸ ಬಂದು ಆ ಲೆಕ್ಕವನ್ನೇ ತಿರುಗಿಸಿ ಹಾಕಿತು. ಒಂದು ಹೆಸರು ಮೇಲಿನಿಂದ ಕೊಟ್ಟಿದ್ದು, ಇನ್ನೊಂದು ಆರಿಸಿಕೊಂಡಿದ್ದು.

ಹೀಗೆ ಆರಿಸಿಕೊಂಡವರಲ್ಲಿ ಹೈಟಿಯಷ್ಟು ದೂರ ಹೋದವರು ನನಗೆ ಗೊತ್ತಿಲ್ಲ. ಗುಲಾಮರು ದಂಗೆ ಎದ್ದು ಫ್ರೆಂಚರನ್ನು ಓಡಿಸಿ ಕಟ್ಟಿದ ದೇಶ ಅದು. 1805ರ ಅದರ ಸಂವಿಧಾನದ 14ನೇ ವಿಧಿ, ಇನ್ನು ಮುಂದೆ ಹೈಟಿಯ ಪ್ರಜೆಗಳೆಲ್ಲ 'ಕಪ್ಪು ಜನ' ಎಂಬ ಒಂದೇ ಹೆಸರಿನಿಂದ ಕರೆಯಲ್ಪಡತಕ್ಕದ್ದು ಅಂತ ಹೇಳಿತು. ಅದರ ಹಿಂದಿನ ವಿಧಿಯಲ್ಲೇ ಅಲ್ಲಿ ನೆಲೆ ನಿಂತ ಪೋಲಿಷರು, ಜರ್ಮನರಿಗೆ ಪೌರತ್ವ ಕೊಟ್ಟಿದ್ದರು. ಅಂದರೆ ಬಿಳಿ ಚರ್ಮದ ಪೋಲಿಷ್ ರೈತನೂ ಕಾನೂನಿನ ಪ್ರಕಾರ ಕಪ್ಪು ಜನ. ಇವತ್ತಿಗೂ ಹೈಟಿಯ ಕ್ರಿಯೋಲ್ ಭಾಷೆಯಲ್ಲಿ 'ನೆಗ್' ಅಂದರೆ ಮನುಷ್ಯ, ಆಸಾಮಿ. 'ಬ್ಲಾನ್' (ಬಿಳಿಯ) ಅಂದರೆ ಪರದೇಶದವ. ಅಮೆರಿಕದಿಂದ ಹೋದ ಕಪ್ಪು ಪ್ರವಾಸಿಯೂ ಅಲ್ಲಿ 'ಬ್ಲಾನ್' ಆಗಿಬಿಡಬಹುದು. ಬ್ರೆಜಿಲ್‌ನ ಪೋರ್ಚುಗೀಸ್‌ನಲ್ಲೂ ಲೆಕ್ಕ ಬೇರೆ. ಅಲ್ಲಿ ಜನಗಣತಿಯ ಪದಗಳು 'ಪ್ರೆತೊ', 'ಪಾರ್ದೊ'. ಈ ಇಬ್ಬರನ್ನೂ ಸೇರಿಸಿ ಚಳವಳಿ ಹೆಮ್ಮೆಯಿಂದ ಹೇಳೋದು 'ನೆಗ್ರೊ' ಅಂತಲೇ. ಅಮೆರಿಕದಲ್ಲಿ ಬಿಟ್ಟುಬಿಟ್ಟ ಪದ ಬ್ರೆಜಿಲ್‌ನ ಕಾನೂನಿನಲ್ಲಿ ಗೌರವದ ಪದ.

ಹಾಗಾದರೆ ಕವಾನಿ ಹೇಳಿದ್ದು ಸರಿಯೇ? ಗೆಳೆಯನಿಗೆ ಬರೆದ ಮಾತು, ಗೆಳೆಯ ಬೇಜಾರು ಮಾಡಿಕೊಂಡಿಲ್ಲ. ಆ ಶಿಕ್ಷೆ ಅತಿಯಾಯಿತು ಅನ್ನೋದು ನನ್ನ ಅಭಿಪ್ರಾಯ. ಪ್ಯಾರಿಸ್‌ನದು ಅಂಥದ್ದಲ್ಲ. ವೆಬೊ ಆ ಅಧಿಕಾರಿಯ ಗೆಳೆಯರಲ್ಲ, ಅವರಿಗೊಂದು ಹೆಸರಿತ್ತು, ಹುದ್ದೆ ಇತ್ತು.

ಇಷ್ಟು ಓದಿಕೊಂಡು ಕನ್ನಡದಲ್ಲಿ ಸುದ್ದಿ ಬರೆಯೋಕೆ ಕೂತರೆ ತಲೆನೋವು ಬೇರೆಯದೇ. 2020ರ ಜೂನ್‌ನಲ್ಲಿ ಎಪಿ ಸುದ್ದಿಸಂಸ್ಥೆ 'ಬ್ಲ್ಯಾಕ್' ಪದಕ್ಕೆ ದೊಡ್ಡ 'ಬಿ' ಹಾಕಲು ತೀರ್ಮಾನಿಸಿದಾಗ ನಮ್ಮ ಡೆಸ್ಕಿನಲ್ಲಿ ನಗು ಬಂತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಎಲ್ಲಿದೆ? ಆದರೆ ಅದಕ್ಕಿಂತ ಹರಿತವಾದದ್ದು ನಮ್ಮಲ್ಲಿದೆ: ಏಕವಚನ, ಬಹುವಚನ. 'ಕರಿಯನೊಬ್ಬ ಸತ್ತ' ಮತ್ತು 'ಕಪ್ಪು ವರ್ಣೀಯರೊಬ್ಬರು ಹತ್ಯೆಯಾದರು' ಒಂದೇ ಘಟನೆಯ ಎರಡು ಸುದ್ದಿಗಳು. ಅಮೆರಿಕದ ಅಧ್ಯಕ್ಷರಿಗೆ 'ಅವರು', ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಆಫ್ರಿಕಾದ ವಿದ್ಯಾರ್ಥಿಗೆ ಆರೋಪ ಸಾಬೀತಾಗುವ ಮೊದಲೇ 'ಈತ'. ಟಿವಿ ಪಟ್ಟಿಯಲ್ಲಂತೂ ಆಫ್ರಿಕಾದ 54 ದೇಶಗಳಿಗೂ ಸೇರಿ 'ನೈಜೀರಿಯನ್' ಅಂತ ಒಂದೇ ಹೆಸರು. ದೇಶದ ಹೆಸರಿನಲ್ಲಿ ಅವಮಾನ ಎಲ್ಲಿದೆ ಅಂತ ಯಾವ ಡಿಕ್ಷನರಿಯೂ ಹೇಳಲ್ಲ. ಬಾಡಿಗೆ ಮನೆ ಹುಡುಕುವವರಿಗೆ ಗೊತ್ತು.

2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆ ಕಡೆ ನಡೆದದ್ದು ಇದೇ. ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಸ್ಥಳೀಯ ಮಹಿಳೆಯೊಬ್ಬರ ಮೇಲೆ ಹರಿದು ಅವರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಆಕೆಗೂ ಆ ಅಪಘಾತಕ್ಕೂ ಏನೇನೂ ಸಂಬಂಧ ಇರಲಿಲ್ಲ. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದರು ಅಂದಿನ ಗೃಹ ಸಚಿವರು. ಸುಡಾನ್ ಮತ್ತು ತಾಂಜಾನಿಯಾ ಒಂದೇ ಅಂತ ಆ ಗುಂಪಿಗೆ ಅನ್ನಿಸಿದ್ದು ಯಾವ ಆಧಾರದ ಮೇಲೆ ಅಂತ ಸಚಿವರನ್ನು ಕೇಳಬೇಕಿತ್ತು.

ಇದರ ಪೆಟ್ಟು ನಮ್ಮ ಉತ್ತರ ಕನ್ನಡದವರಿಗೂ ಬೀಳುತ್ತೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳು ಶತಮಾನಗಳಿಂದ ಇಲ್ಲಿಯವರು. ಅವರ ಹೆಸರು ಅರಬ್ಬಿಯ 'ಸೈಯದಿ', ಅಂದರೆ 'ನನ್ನ ಒಡೆಯ' ಅನ್ನೋದರಿಂದ ಬಂತು ಎಂಬುದು ಪ್ರಚಲಿತ ವಿವರಣೆ. ಒಡೆಯನ ಹೆಸರಿಟ್ಟುಕೊಂಡವರ ಪೂರ್ವಜರಲ್ಲಿ ಹಲವರು ಗೋವಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳಲ್ಲಿ ಇದ್ದರೂ ಹೆಸರಿನ ಕೊನೆಗೆ 'ಸಿದ್ದಿ' ಅಂತ ಬರೆದುಕೊಳ್ಳುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ಅದೇ ಹೆಸರಿನಿಂದ, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದದ್ದೂ ಅದೇ ಹೆಸರು ಹೊತ್ತು. ಆದರೆ ಪೇಟೆಗೆ ಬಂದರೆ ಬೆನ್ನ ಹಿಂದೆ ಕೇಳೋದು 'ನೀಗ್ರೋ'.

ಹಳಿಯಾಳ ಕಡೆಯ ಗೆಳೆಯನೊಬ್ಬನ ಜೊತೆ ಒಮ್ಮೆ ಬೆಂಗಳೂರಿನ ಬಸ್ಸಿನಲ್ಲಿದ್ದೆ. ಕಂಡಕ್ಟರ್ ನನ್ನ ಹತ್ತಿರ ಕನ್ನಡದಲ್ಲಿ ಕೇಳಿ ಟಿಕೆಟ್ ಕೊಟ್ಟರು. ಅವನ ಕಡೆ ತಿರುಗಿ, ನಿಧಾನವಾಗಿ ಬಿಡಿಸಿ ಬಿಡಿಸಿ, 'ವೇರ್ ಯು ಗೋಯಿಂಗ್?' ಅಂದರು.

'ಮೆಜೆಸ್ಟಿಕ್‌ಗೆ ಒಂದ್ ಕೊಡ್ರಿ' ಅಂದ ಇವನು.

ಕಂಡಕ್ಟರ್‌ಗೆ ಖುಷಿಯಾಯಿತು. 'ಕನ್ನಡ ಚೆನ್ನಾಗಿ ಕಲ್ತಿದ್ದೀರಾ! ಯಾವ ದೇಶ?'

'ಹಳಿಯಾಳ' ಅಂದ. ಇದನ್ನ ವಾರಕ್ಕೆ ನಾಲ್ಕು ಸಲ ಹೇಳ್ತೀನಿ ಮಾರಾಯಾ, ಅಂತ ಆಮೇಲೆ ನನ್ನ ಕಡೆ ನೋಡಿದ. ನಿನ್ನ ಬಗ್ಗೆ ಬರೆದರೆ ಏನಂತ ಬರೀಲಿ ಅಂತ ಕೇಳಿದೆ. 'ಸಿದ್ದಿ ಅಂತ ಬರಿ. ಅದಕ್ಕೂ ಮೊದಲು ನನ್ನ ಹೆಸರು ಬರಿ' ಅಂದ. ಹೆಸರು ಬೇಡ ಅಂತ ಈ ಸಲ ನಾನೇ ಬಿಟ್ಟಿದ್ದೇನೆ. ಅದಕ್ಕೆ ಅವನ ಬೈಗುಳ ಬಾಕಿ ಇದೆ.