ನೆಲದ ಬಿಳಿ ಕಲೆ ತೆಗೆಯೋ ಮೊದಲು ಕಲ್ಲು ಯಾವುದು ನೋಡಿ

ಹೈದರಾಬಾದ್, ಚೆನ್ನೈನಲ್ಲಿ ಬಾಡಿಗೆ ಮನೇಲಿರೋ ತುಂಬಾ ಜನಕ್ಕೆ ಬೋರ್‌ವೆಲ್ ನೀರಿನ ಬಿಳಿ ಕಲೆ ಗೊತ್ತೇ ಇದೆ. ಬಾತ್‌ರೂಮ್ ಬಾಗಿಲ ಹತ್ತಿರ, ಬಕೆಟ್ ಇಡೋ ಜಾಗದಲ್ಲಿ ಎಷ್ಟು ಒರೆಸಿದರೂ ಹೋಗಲ್ಲ. ಮನೆ ಖಾಲಿ ಮಾಡೋವಾಗ ಅಡ್ವಾನ್ಸ್‌ನಲ್ಲಿ ಇದಕ್ಕೂ ದುಡ್ಡು ಹಿಡಿದುಕೊಂಡಾರು.

ನಾವು ಉಪ್ಪು ಅಂತೀವಿ, ಆದರೆ ಇದು ಅಡುಗೆ ಉಪ್ಪಲ್ಲ. ಗಡಸು ನೀರು ಆರಿದಾಗ ಉಳಿಯೋದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಬರೀ ನೀರಿಗೆ ಕರಗಲ್ಲ, ಹುಳಿಗೆ ಕರಗುತ್ತೆ.

ಸೆರಾಮಿಕ್ ಟೈಲ್ಸ್ ಆದರೆ ಸುಲಭ. ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ, ಬಟ್ಟೆ ಅದ್ದಿ ಕಲೆ ಮೇಲೆ 10 ನಿಮಿಷ ಹಾಸಿ. ನೈಲಾನ್ ಬ್ರಷ್‌ನಿಂದ ಉಜ್ಜಿ, ತೊಳೆದು, ಒಣ ಬಟ್ಟೇಲಿ ಒರೆಸಿ. ಪದರ ದಪ್ಪ ಇದ್ದರೆ ಇನ್ನೊಂದು ಸಲ.

ಆದರೆ ಮಾರ್ಬಲ್, ತಾಂಡೂರು ಕಲ್ಲು, ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲಿಗೆ ವಿನೆಗರ್, ನಿಂಬೆಹಣ್ಣು ಬೇಡವೇ ಬೇಡ. ಆ ಕಲ್ಲುಗಳಲ್ಲಿ ಇರೋದೂ ಮುಖ್ಯವಾಗಿ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್! ಕಲೆ ಜೊತೆ ಪಾಲಿಶ್ಶೂ ಹೋಗುತ್ತೆ. ಯಾವ ಕಲ್ಲು ಅಂತ ಗೊತ್ತಿಲ್ವಾ? ಕಾಣದ ಮೂಲೇಲಿ ಒಂದೇ ಹನಿ ವಿನೆಗರ್ ಹಾಕಿ. ಗುಳ್ಳೆ ಎದ್ದರೆ, ಮಂಕಾದರೆ, ತಕ್ಷಣ ತೊಳೆದು ಅಲ್ಲಿಗೇ ನಿಲ್ಲಿಸಿ. ಅಂಥ ಕಲ್ಲಿಗೆ ಸೌಮ್ಯ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಹೋಗದಿದ್ದರೆ ಪಾಲಿಶ್ ಮಾಡೋರನ್ನೇ ಕರೆಸಿ.

ಇನ್ನೊಂದು ಮುಖ್ಯ ಮಾತು. ಬಾತ್‌ರೂಮ್ ಆಸಿಡ್ ಆಗಲಿ, ವಿನೆಗರ್ ಆಗಲಿ, ಬ್ಲೀಚಿಂಗ್ ಪೌಡರ್ ಜೊತೆ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ವಿಷಾನಿಲ ಬರುತ್ತೆ. ಕಿಟಕಿ ಇಲ್ಲದ ಬಾತ್‌ರೂಮಲ್ಲಿ ಜೀವಕ್ಕೇ ಅಪಾಯ.

ದಿನಾ ಸ್ನಾನ ಆದಮೇಲೆ ಒಂದು ಸಲ ವೈಪರ್ ಎಳೆದುಬಿಡಿ. ನೀರು ನಿಂತು ಆರದಿದ್ದರೆ ಕಲೆ ಕೂರೋದೇ ಕಮ್ಮಿ.