ಗಣಕಜಾಲದಲ್ಲಿ ಒಂದು ಕಡತ ಭಂಡಾರ

ಮೂಡಬಿದಿರೆಯ ಸಿದ್ಧಾಂತ ಬಸದಿಯ ಓಲೆಗರಿಗಳ ವಿಚಾರವನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಷಟ್ಖಂಡಾಗಮವೆಂಬ ಜೈನ ಸಿದ್ಧಾಂತ ಗ್ರಂಥಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ‘ಧವಲಾ’ ವ್ಯಾಖ್ಯಾನದ ಪ್ರಾಚೀನ ಪ್ರತಿಗಳು, ಹಳಗನ್ನಡ ಲಿಪಿಯಲ್ಲಿ, ಶತಮಾನಗಳ ಪರ್ಯಂತ ಇದೊಂದೇ ಊರಿನಲ್ಲಿ ಉಳಿದುಬಂದುವು. ಯಾತ್ರಿಕರು ಬಂದು ಅವುಗಳ ದರ್ಶನ ಪಡೆದು ಹಿಂದಿರುಗುತ್ತಿದ್ದರು; ಓದುವ ಅವಕಾಶ ಮಾತ್ರ ಬಹುಮಂದಿಗೆ ಇರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯವು ಆರಂಭವಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲನೆಯ ಸಂಪುಟವು 1939ರಲ್ಲಿ ಅಚ್ಚಾಯಿತು.

ಈ ವೃತ್ತಾಂತದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಒಂದೆಡೆ ಇರುವುದನ್ನು ಹಲವರು ಓದುವುದು ಹೇಗೆ? ಅದು ನಾಶವಾಗದಂತೆ ಕಾಯುವುದು ಹೇಗೆ? ಗಣಕಯಂತ್ರದಲ್ಲಿ ಕಡತಗಳನ್ನು ಇಡುವವರಿಗೂ ಇವೇ ಎರಡು ಪ್ರಶ್ನೆಗಳು ಎದುರಾಗುತ್ತವೆ. ಮೊದಲನೆಯದಕ್ಕೆ ಕಂಡುಕೊಂಡ ಉತ್ತರವೇ ಎರಡನೆಯದಕ್ಕೂ ಸಾಕೆಂದು ಭಾವಿಸುವವರು ಬಹಳ.

ಓಲೆಗರಿಗಳ ಛಾಯಾಚಿತ್ರಗಳನ್ನು ಅಧ್ಯಯನ ಮಾಡುವ ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. ಅಲ್ಲಿ 20 ಗಣಕಯಂತ್ರಗಳಿವೆ. ಪ್ರತಿಯೊಂದರಲ್ಲಿಯೂ ಚಿತ್ರಗಳ ಬೇರೆ ಬೇರೆ ಪ್ರತಿಗಳಿದ್ದರೆ ಯಾವುದು ತಿದ್ದಿದ್ದು, ಯಾವುದು ಹಳೆಯದು ಎಂಬುದೇ ತಿಳಿಯದು. ಆದುದರಿಂದ ಎಲ್ಲವನ್ನೂ ಸರ್ವರ್ ಎಂಬ ಒಂದು ಯಂತ್ರದಲ್ಲಿ ಇರಿಸಿ, ಉಳಿದ ಯಂತ್ರಗಳು ತಂತಿಯ ಜಾಲದ ಮೂಲಕ ಅಲ್ಲಿಂದಲೇ ಓದುವಂತೆ ಏರ್ಪಡಿಸುತ್ತಾರೆ.

ಈ ಏರ್ಪಾಡಿಗೆ ಬಹಳ ಬಳಕೆಯಲ್ಲಿರುವ ವಿಧಾನವೊಂದು ‘ನೆಟ್‌ವರ್ಕ್ ಫೈಲ್ ಸಿಸ್ಟಂ’. ಇದನ್ನು 1984ರಲ್ಲಿ ಅಮೆರಿಕೆಯ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ರೂಪಿಸಿತು. ಅದರ ನಿಯಮಾವಳಿಯು ಬಹಿರಂಗವಾಗಿ ಪ್ರಕಟವಾದುದರಿಂದ ಬೇರೆಯವರ ಯಂತ್ರಗಳಲ್ಲಿಯೂ ಅದು ನೆಲೆಗೊಂಡಿತು. ವಿಂಡೋಸ್ ಯಂತ್ರಗಳು ಇದೇ ಕಾರ್ಯಕ್ಕೆ ಬೇರೊಂದು ಭಾಷೆಯನ್ನು ಬಳಸುತ್ತವೆ. ಯೂನಿಕ್ಸ್ ಬಗೆಯ ಸರ್ವರಿಗೆ ಆ ಭಾಷೆಯನ್ನು ಕಲಿಸುವ ‘ಸಾಂಬಾ’ ಎಂಬುದನ್ನು 1992ರಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಆರಂಭಿಸಿದರು.

ಇದರ ಕ್ರಮವನ್ನು ಮಾವಿನ ಕಸಿಗೆ ಹೋಲಿಸಬಹುದು. ಓದುವ ಯಂತ್ರದಲ್ಲಿ ಮೊದಲು ಒಂದು ಬರಿದಾದ ಕಡತಕೋಶವನ್ನು ನಿರ್ಮಿಸುತ್ತಾರೆ. ಸರ್ವರಿನ ಭಂಡಾರವನ್ನು ಅಲ್ಲಿಗೆ ಕೊಂಬೆಯಂತೆ ಕೂಡಿಸುತ್ತಾರೆ. ಇದಕ್ಕೆ ‘ಮೌಂಟ್’ ಮಾಡುವುದೆಂದು ಹೆಸರು. ಬಳಿಕ ದೂರದ ಕಡತಗಳೆಲ್ಲ ಆ ಯಂತ್ರದ ಸ್ವಂತದವುಗಳಂತೆಯೇ ಕಾಣುತ್ತವೆ. ಒಂದು ಎಚ್ಚರಿಕೆ ಅಗತ್ಯ: ಯಂತ್ರವನ್ನು ಚಾಲನೆ ಮಾಡಿದಾಗ ಕಸಿ ಕೂಡದೆ ಹೋದರೆ, ಬರೆದದ್ದು ಆ ಬರಿದಾದ ಕೋಶದಲ್ಲಿ, ಅಂದರೆ ಸ್ಥಳೀಯ ತಟ್ಟೆಯಲ್ಲಿ, ಸದ್ದಿಲ್ಲದೆ ಸೇರುತ್ತದೆ. ಬರೆದವನು ಭಂಡಾರಕ್ಕೆ ಸೇರಿತೆಂದೇ ತಿಳಿದಿರುತ್ತಾನೆ.

ಯಾವ ಕೋಶವನ್ನು ಯಾವ ಯಂತ್ರಕ್ಕೆ ತೆರೆಯಬೇಕು, ಓದಲು ಮಾತ್ರವೋ ಬರೆಯಲೂ ಸಹವೋ ಎಂಬುದನ್ನು ಸರ್ವರಿನ ಪಟ್ಟಿಯೊಂದರಲ್ಲಿ ನಮೂದಿಸತಕ್ಕದ್ದು. ಮೂಲ ಚಿತ್ರಗಳನ್ನು ಓದಲು ಮಾತ್ರ ತೆರೆದು, ಟಿಪ್ಪಣಿಗಳ ಕೋಶವನ್ನು ಬರೆಯಲೂ ಬಿಡುವುದು ಲೇಸು. ಇನ್ನೊಂದು ಸೂಕ್ಷ್ಮವಿದೆ. ರೂಢಿಯ ಏರ್ಪಾಡಿನಲ್ಲಿ ಸರ್ವರು ಬಳಕೆದಾರನನ್ನು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಒಂದು ಯಂತ್ರದಲ್ಲಿ 1001 ಅಧ್ಯಾಪಕರ ಸಂಖ್ಯೆಯಾಗಿದ್ದು, ಇನ್ನೊಂದರಲ್ಲಿ ವಿದ್ಯಾರ್ಥಿಯ ಸಂಖ್ಯೆಯಾಗಿದ್ದರೆ, ಅಧ್ಯಾಪಕರ ಕಡತವನ್ನು ವಿದ್ಯಾರ್ಥಿಯು ತಿದ್ದಬಲ್ಲನು!

ವೇಗದ ಲೆಕ್ಕ ಸುಲಭವಾದುದು. ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುವ ತಂತಿಯು, 8 ಬಿಟ್ಟಿಗೆ ಒಂದು ಬೈಟಿನಂತೆ, ಹೆಚ್ಚೆಂದರೆ 125 ಮೆಗಾಬೈಟ್ ಸಾಗಿಸುತ್ತದೆ. ಒಂದು ಚಿತ್ರ 50 ಮೆಗಾಬೈಟ್ ಎಂದಿಟ್ಟುಕೊಂಡರೆ, ಒಬ್ಬನಿಗೆ ಅದು ಅರ್ಧ ಸೆಕೆಂಡಿನೊಳಗೆ ದೊರೆಯಬಹುದು. 20 ಮಂದಿ ಒಮ್ಮೆಗೆ ಕೇಳಿದರೆ ಒಟ್ಟು 1000 ಮೆಗಾಬೈಟ್. ಕನಿಷ್ಠ 8 ಸೆಕೆಂಡುಗಳು ಬೇಕು. ಬಾಗಿಲುಗಳು ಹಲವಾದರೂ ಓಣಿ ಒಂದೇ ಅಲ್ಲವೆ?

ಇನ್ನು ಎರಡನೆಯ ಪ್ರಶ್ನೆ. ಒಂದು ತಟ್ಟೆ ಕೆಟ್ಟರೂ ಕೆಲಸ ನಿಲ್ಲದಂತೆ ಸರ್ವರಿನಲ್ಲಿ ಜೋಡಿ ತಟ್ಟೆಗಳನ್ನು ಇಡುವುದುಂಟು. ಆದರೆ ಒಬ್ಬನು ಕಡತವನ್ನು ಅಳಿಸಿದರೆ ಎರಡು ತಟ್ಟೆಗಳಿಂದಲೂ, 20 ಯಂತ್ರಗಳ ಕಣ್ಣಿನಿಂದಲೂ ಅದು ಅದೇ ಕ್ಷಣ ಮರೆಯಾಗುತ್ತದೆ. ಸಿಡಿಲು ಹೊಡೆದರೆ ಎರಡು ತಟ್ಟೆಗಳೂ ಒಟ್ಟಿಗೇ ಹೋಗಬಹುದು. ಹಂಚಿಕೊಂಡ ಮಾತ್ರಕ್ಕೆ ಕಡತವು ಎರಡಾಗುವುದಿಲ್ಲ. ಪ್ರತ್ಯೇಕವಾದ ಪ್ರತಿಯು ಪ್ರತ್ಯೇಕವಾದ ಸ್ಥಳದಲ್ಲಿ ಇರಲೇಬೇಕು.

ಆ ಸ್ಥಳವನ್ನು ಆರಿಸುವಾಗ ಭೂಗೋಳವನ್ನೂ ನೆನೆಯಬೇಕು. ನೇತ್ರಾವತಿಯ ದಡದ ಬಂಟ್ವಾಳವು 1923ರಲ್ಲಿಯೂ 1974ರಲ್ಲಿಯೂ ಮಹಾ ನೆರೆಗೆ ತುತ್ತಾಯಿತು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕು ನೆರೆಯಿಂದ ನಲುಗಿತು. ಇವೆರಡೂ ನೇತ್ರಾವತಿಗೆ ನೀರು ಹರಿಯುವ ಒಂದೇ ಪ್ರದೇಶದವು. ಬಂಟ್ವಾಳದ ನದೀತೀರದ ಭಂಡಾರದ ಪ್ರತಿಯನ್ನು ಬೆಳ್ತಂಗಡಿಯ ಹೊಳೆಯ ಬದಿಯಲ್ಲಿಟ್ಟರೆ ಒಂದೇ ಮಳೆಗೆ ಎರಡೂ ನೆನೆಯಬಹುದು. ಆ ನದಿಯಿಂದ ದೂರವಿರುವ ಮೂಡಬಿದಿರೆಯಲ್ಲಿ, ಮಹಡಿಯ ಕೋಣೆಯೊಂದರಲ್ಲಿ ಇಡುವುದು ವಿವೇಕ.

ನಿಮ್ಮ ಶಾಲೆ ಕಾಲೇಜುಗಳಲ್ಲಿ ಇಂತಹ ಭಂಡಾರವಿದ್ದರೆ, ತಿಂಗಳಿಗೊಮ್ಮೆ ದೂರದ ಪ್ರತಿಯಿಂದ ಒಂದು ಕಡತವನ್ನು ತರಿಸಿ ತೆರೆದು ನೋಡಿರಿ. ಅದು ತೆರೆಯಿತಾದರೆ ನಿಮ್ಮಲ್ಲಿ ಪ್ರತಿಯಿದೆ ಎಂದು ಧೈರ್ಯವಾಗಿ ಹೇಳಬಹುದು.